ದೇಶಮುಖರ ಕುದುರೆಗೊಂದು ಗಿಟಾರು

ಒಬ್ಬನೇ ಕೂತು ಉಣ್ಣಲಾರದ ಮನುಷ್ಯ ಎಂಥ ಸುಳ್ಳಿಗೂ ಹಿಂದೆಮುಂದೆ ನೋಡುವುದಿಲ್ಲ. ಇದು ಯಾರನ್ನೋ ನೋಡಿ ಹೇಳುವ ಮಾತಲ್ಲ, ನನ್ನ ಸ್ವಂತ ಅನುಭವ. ಉಪವಾಸ ಇರು ಎಂದರೆ ಇರುತ್ತೇನೆ, ಬಿಸಿಲಲ್ಲಿ ನಿಲ್ಲು ಎಂದರೆ ನಿಲ್ಲುತ್ತೇನೆ. ಆದರೆ ಎದುರಿಗೆ ಮಾತಾಡುವ ಒಂದು ಬಾಯಿ ಇಲ್ಲದೆ ರೊಟ್ಟಿ ಮುರಿಯುವುದು ನನ್ನ ಕೈಲಾಗದು. ತುತ್ತು ಗಂಟಲಿನಲ್ಲೇ ನಿಂತುಬಿಡುತ್ತದೆ. ಲಿಂಗಸೂಗೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಪಡಸಾಲೆ ತುಂಬ ಜನ, ಒಬ್ಬರ ಮಾತು ಮುಗಿಯುವುದರೊಳಗೆ ಇನ್ನೊಬ್ಬರದು ಶುರು. ಚಟ್ನಿ ಬೇಕಾದರೂ ಯಾರದಾದರೂ ಮಾತಿನ ನಡುವೆ ಸಂದು ಹುಡುಕಿ ಕೇಳಬೇಕು. ಆ ಮನೆಯಲ್ಲಿ ಯಾರೂ ಒಬ್ಬಂಟಿಯಾಗಿ ಉಣ್ಣುವುದು ಸಾಧ್ಯವೇ ಇರಲಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ.

ಹೈದರಾಬಾದಿಗೆ ಬಂದ ಮೇಲೂ ಮೊದಮೊದಲು ನನಗೆ ಈ ತೊಂದರೆ ಬರಲಿಲ್ಲ. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಬೀದರ, ಕಲಬುರ್ಗಿ, ರಾಯಚೂರು ಕಡೆಯ ಐದಾರು ಮಂದಿ ಒಂದೇ ಬಸ್ಸಿಗೆ ಹೋಗುತ್ತಿದ್ದೆವು, ಒಂದೇ ಮೇಜಿನ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಮೈಯೆಲ್ಲ ಔಷಧದ ವಾಸನೆ, ಆದರೂ ಊಟ ಊಟವಾಗಿತ್ತು. ಅಷ್ಟರಲ್ಲಿ ಊರಿಗೆಲ್ಲ ಕಂಪ್ಯೂಟರಿನ ಗಾಳಿ ಬೀಸಿತು. ಅಮೀರ್‌ಪೇಟೆಯಲ್ಲಿ ಗೋಡೆ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಗಾಳಿ ನನಗೂ ಸೋಕಿತು. ಸಂಜೆ ಸಂಜೆ ಹೋಗಿ, ನನ್ನ ಅಕ್ಕನ ಮಕ್ಕಳ ವಯಸ್ಸಿನವರ ನಡುವೆ ಬೆಂಚಿನ ಮೇಲೆ ಕೂತು ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ಕಲಿತೆ. ಔಷಧ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಆಫೀಸಿನವರಿಗೆ, ಮಾತ್ರೆ ಹೇಗೆ ತಯಾರಾಗುತ್ತದೆಂದು ಬಲ್ಲವನೊಬ್ಬ ಬೇಕಾಗಿದ್ದ. ಹಾಗಾಗಿ ನನ್ನ ವಯಸ್ಸನ್ನು ನೋಡಿಯೂ ನೋಡದ ಹಾಗೆ ಕೆಲಸ ಕೊಟ್ಟರು. ನನಗಾಗ ನಲವತ್ತೊಂದು. ಟೀಮಿನಲ್ಲಿ ನನ್ನ ನಂತರದ ಹಿರಿಯನಿಗೆ ಇಪ್ಪತ್ತಾರು.

ಆಫೀಸೇನೋ ತಂಪಾಗಿತ್ತು, ಕುರ್ಚಿ ತಿರುಗುತ್ತಿತ್ತು, ಎಲ್ಲರೂ ನನ್ನನ್ನು ‘ಸರ್’ ಎನ್ನುತ್ತಿದ್ದರು. ಸರ್ ಎಂದರೆ ಮರ್ಯಾದೆ ಕೊಟ್ಟು ದೂರ ಕೂಡಿಸುವ ಮಾತು ಅಂತ ನನಗೆ ಗೊತ್ತಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಅವರೆಲ್ಲ ಟ್ರೇ ಹಿಡಿದು ಹೋಗಿ ಒಂದೇ ಮೇಜಿಗೆ ಮುತ್ತಿಕೊಂಡರೆ, ನಾನು ನನ್ನ ಸ್ಟೀಲಿನ ಡಬ್ಬಿಯೊಂದಿಗೆ ಕಿಟಕಿ ಪಕ್ಕ. ಎರಡು ವಾರ ಹೊರಗಿನ ಬಂಡೆಗಳನ್ನು ನೋಡುತ್ತ ಉಂಡೆ. ಹೈದರಾಬಾದಿನ ಬಂಡೆಗಳು ನೋಡಲಿಕ್ಕೆ ಚೆಂದ, ಆದರೆ ಮಾತಾಡುವುದಿಲ್ಲ. ಡಬ್ಬಿಯಲ್ಲಿ ರೊಟ್ಟಿ ಉಳಿದು ತಾರ್ನಾಕದ ಮನೆಗೆ ವಾಪಸ್ ಬರತೊಡಗಿತು. ನನ್ನ ಹೆಂಡತಿ ಶಾರದಾ ಡಬ್ಬಿ ಎತ್ತಿ ಅಲುಗಿಸಿ ನೋಡಿ, ನನ್ನ ಕೈರುಚಿ ಕೆಟ್ಟಿತೇನು ಎಂದು ಕೇಳಿದಳು. ಒಬ್ಬನೇ ಉಣ್ಣಲಿಕ್ಕೆ ಆಗುವುದಿಲ್ಲ ಎಂದು ಆ ವಯಸ್ಸಿನಲ್ಲಿ ಹೆಂಡತಿಗೆ ಹೇಗೆ ಹೇಳುವುದು? ಹಲ್ಲುನೋವು ಎಂದೆ. ಮಾರನೆಯ ದಿನದಿಂದ ಡಬ್ಬಿಯಲ್ಲಿ ಮೆತ್ತಗಿನ ಗಂಜಿ ಬಂತು. ಒಬ್ಬನೇ ಕೂತು ಗಂಜಿ ಕುಡಿಯುವವನ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಆ ಮೇಜಿನ ಮುಖಂಡ ಅನಿರುದ್ಧ, ಮೈಸೂರಿನವನು. ಅವನು ಏನು ಹೇಳಿದರೂ ಅಲ್ಲ ಎನ್ನಲಿಕ್ಕೆ ರೇಷ್ಮಾ, ಮಂಗಳೂರಿನವಳು. ಅವರ ವಿಷಯ ಯಾವಾಗಲೂ ಒಂದೇ. ಸಿಕಂದರಾಬಾದಿನ ಹಳೆಯ ಕ್ಲಬ್ಬೊಂದರಲ್ಲಿ ಶನಿವಾರ ಸಂಜೆ ಗಿಟಾರ್ ನುಡಿಸುವ ಒಬ್ಬ ಹಿರಿಯರು. ನುಡಿಸುವುದು ಬ್ಲೂಸ್ ಎಂಬ ಸಂಗೀತ. ಇವರೆಲ್ಲ ಶನಿವಾರ ಹೋಗಿ ಕೇಳುವುದು, ಸೋಮವಾರದಿಂದ ಶುಕ್ರವಾರದವರೆಗೆ ಅದನ್ನು ಅಗಿಯುವುದು. ಕ್ಯಾಸೆಟ್ಟಿನಲ್ಲಿ ಕೇಳಿದರೆ ಆ ಮನುಷ್ಯ ಏನೂ ಅಲ್ಲ, ಲೈವ್‌ನಲ್ಲೇ ಕೇಳಬೇಕು ಎಂದು ಅನಿರುದ್ಧ. ಹೋದ ವಾರದ ಲೈವ್ ಸಪ್ಪೆ, ಅದಕ್ಕಿಂತ ಹಿಂದಿನ ವಾರದ್ದು ಅಳಿಸುವ ಹಾಗಿತ್ತು ಮಾರಾಯ ಎಂದು ರೇಷ್ಮಾ. ತಂತಿಯನ್ನು ಅಷ್ಟು ಎಳೆಯಬಾರದು ಎಂದು ಒಬ್ಬ, ಎಳೆಯುವುದರಲ್ಲೇ ಎಲ್ಲ ಇರುವುದು ಎಂದು ಇನ್ನೊಬ್ಬ. ನಾನು ಪಕ್ಕದ ಮೇಜಿನಿಂದ ಗಂಜಿಯ ಜೊತೆ ಇದನ್ನೂ ನುಂಗುತ್ತಿದ್ದೆ.

ಒಂದು ಮಧ್ಯಾಹ್ನ ನೀರು ಹಿಡಿಯಲಿಕ್ಕೆ ಅವರ ಮೇಜಿನ ಹಿಂದೆ ನಿಂತಿದ್ದೆ. ಅನಿರುದ್ಧ ಮೇಜು ಕುಟ್ಟಿ, “ದೇಶಮುಖ್‌ಗೆ ಯಾರ ಇನ್‌ಫ್ಲುಯೆನ್ಸ್ ಇದೆ ಹೇಳು ನೋಡೋಣ” ಎಂದ. ನನಗೆ ಹಾಗೆ ಕೇಳಿಸಿತು. ದೇಶಮುಖ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯೆಲ್ಲ ಅರಳಿತು. ದೇಶಮುಖರು ಯಾರು? ಬಸವಕಲ್ಯಾಣದ ಹತ್ತಿರ ನನ್ನ ಹೆಂಡತಿಯ ತವರೂರಿನ ವಾಡೆಯವರು, ದೊಡ್ಡಮನೆಯ ಜಮೀನ್ದಾರರು. ಆಕೆಯ ಬಾಯಲ್ಲಿ ಆ ಮನೆತನದ ಕಥೆ ಕೇಳೀ ಕೇಳೀ, ಆ ವಾಡೆಯ ಮೆಟ್ಟಿಲಿನಲ್ಲಿ ಯಾವುದು ಒಡೆದಿದೆ ಎಂಬುದೂ ನನಗೆ ಬಾಯಿಪಾಠ. ಇನ್ನು ಇನ್‌ಫ್ಲುಯೆನ್ಸ್ ಎಂದರೆ ನಮ್ಮ ಕಡೆ ಒಂದೇ ಅರ್ಥ, ವಶೀಲಿ. ತಹಸೀಲ್ದಾರರ ಹತ್ತಿರ ಯಾರ ಮಾತು ನಡೆಯುತ್ತದೆ, ಬದಲಿ ಯಾರ ಚೀಟಿಯಿಂದ ರದ್ದಾಗುತ್ತದೆ, ಅದು ಇನ್‌ಫ್ಲುಯೆನ್ಸ್. ಹಾಗಾಗಿ ಎರಡು ವಾರದಿಂದ ಮುಚ್ಚಿದ್ದ ನನ್ನ ಬಾಯಿ ತಾನಾಗಿ ತೆರೆಯಿತು.

“ದೇಶಮುಖರಿಗೆ ಯಾರ ಇನ್‌ಫ್ಲುಯೆನ್ಸ್ ಬೇಕ್ರಿ? ಹತ್ತು ಹಳ್ಳಿಗೆ ಅವರದ ನಡೀತೈತಿ” ಎಂದೆ.

ಮೇಜಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಅನಿರುದ್ಧ ಪಕ್ಕಕ್ಕೆ ಸರಿದು, “ಕೂತ್ಕೊಳಿ ಸರ್, ನಿಮಗೆ ಗೊತ್ತಾ ಅವ್ರು?” ಎಂದ. ಗೊತ್ತಾ ಎಂದರೆ ಏನು ಹೇಳಲಿ. ಎರಡು ವಾರದ ಬಂಡೆಗಳು ಕಣ್ಣ ಮುಂದೆ ಬಂದವು. ನಮ್ಮ ಮಾವನವರ ಮನೆಗೂ ಅವರ ವಾಡೆಗೂ ಒಂದೇ ಗೋಡೆ ಎಂದುಬಿಟ್ಟೆ. ಗೋಡೆ ಒಂದೇ ಅಲ್ಲ, ನಡುವೆ ಮೂರು ಓಣಿ ಇದೆ. ಆದರೆ ಡಬ್ಬಿ ಹಿಡಿದು ನಿಂತವನಿಗೆ ಓಣಿಗಳ ಲೆಕ್ಕ ಎಲ್ಲಿ ನೆನಪಿರುತ್ತದೆ?

ಕೂತೆ. ಇಪ್ಪತ್ತು ನಿಮಿಷದಲ್ಲಿ ದೇಶಮುಖರ ಕುದುರೆಯ ಕಥೆ ಹೇಳಿದೆ. ಇದು ಶಾರದಾ ಮದುವೆಯಾದ ಹೊಸತರಲ್ಲಿ ಹೇಳಿದ್ದು. ದೊಡ್ಡ ದೇಶಮುಖರಿಗೆ ಚಂದ್ರಿ ಎಂಬ ಕುದುರೆ ಮೇಲೆ ಪ್ರಾಣ. ಒಂದು ದಿನ ಚಂದ್ರಿ ಹಗ್ಗ ಹರಿದುಕೊಂಡು ಪಕ್ಕದೂರಿನ ವೈರಿಯ ಮನೆ ಸೇರಿತು. ದೇಶಮುಖರು ಕೇಳಲಿಕ್ಕೆ ಹೋಗುವವರಲ್ಲ, ಮಾನದ ಪ್ರಶ್ನೆ. ಸಂಜೆಯಾದರೆ ಊರ ಹಳ್ಳದ ದಂಡೆಗೆ ಬಂದು ಏಕತಾರಿ ಮೀಟುತ್ತ ತತ್ವಪದ ಹಾಡುತ್ತ ಕೂಡುವರು. ಆಚೆ ದಂಡೆಯಿಂದ ಚಂದ್ರಿ ಬರುವುದು, ಹಳ್ಳದ ನೀರಿನಲ್ಲಿ ನಿಂತು ಪೂರ್ತಿ ಕೇಳುವುದು, ಹಾಡು ಮುಗಿದ ಮೇಲೆ ತಿರುಗಿ ವೈರಿಯ ಮನೆಗೇ ಹೋಗುವುದು. ಕೊನೆಯವರೆಗೂ ವಾಪಸ್ ಬರಲಿಲ್ಲ. ದೇಶಮುಖರೂ ಹಾಡು ಬಿಡಲಿಲ್ಲ.

ಕಥೆ ಮುಗಿದಾಗ ರೇಷ್ಮಾ ಕೈಯಲ್ಲಿ ಚಮಚ ಹಾಗೇ ಇತ್ತು. ಇದೇ ಬ್ಲೂಸ್ ಸರ್, ಪ್ರೀತಿಸಿದವಳು ಬಿಟ್ಟು ಹೋದ ಮೇಲೆ ಒಬ್ಬನೇ ಕೂತು ಹಾಡುವುದು ಎಂದಳು. ಅವರ ಮೊಮ್ಮಗನೇ ಇರಬೇಕು ಈ ಗಿಟಾರಿನವರು, ತಂತಿ ಎಳೆಯುವುದು ರಕ್ತದಲ್ಲೇ ಬಂದದ್ದು ಎಂದು ನಾನು ತೀರ್ಪು ಕೊಟ್ಟೆ. ಅನಿರುದ್ಧ ಗಂಭೀರವಾಗಿ ತಲೆಯಾಡಿಸಿ, ಅವರದು ಹನ್ನೆರಡು ಬಾರ್ ಸರ್, ಅದನ್ನು ಬಿಟ್ಟು ಆಚೀಚೆ ಹೋಗೋದೇ ಇಲ್ಲ ಎಂದ. ಅದು ತಾಳದ ಲೆಕ್ಕವಂತೆ. ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ. ಆವತ್ತು ಮಾತ್ರ ಮನೆಗೆ ಬಂದು, ನಿಮ್ಮ ದೇಶಮುಖರ ಮೊಮ್ಮಗ ಹನ್ನೆರಡು ಬಾರಿಗೆ ಹೋಗ್ತಾನಂತ ಎಂದು ಶಾರದಾಳಿಗೆ ಸುದ್ದಿ ಮುಟ್ಟಿಸಿದೆ. ಎಂಥಾ ಮನೆತನ ಎಲ್ಲಿಗೆ ಬಂತು ಎಂದು ಆಕೆ ಮರುಗಿದಳು. ಡಬ್ಬಿ ಖಾಲಿ ಇದ್ದದ್ದನ್ನು ನೋಡಿ ಸಮಾಧಾನವನ್ನೂ ಮಾಡಿಕೊಂಡಳು.

ಅಲ್ಲಿಂದ ನನ್ನ ಸುಗ್ಗಿ ಶುರುವಾಯಿತು. ದಿನಾ ಒಂದು ಗಂಟೆಗೆ ಆ ಮೇಜಿನಲ್ಲಿ ನನಗೊಂದು ಕುರ್ಚಿ. ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಸಾಲುವಷ್ಟು ಹೋಗತೊಡಗಿತು. ದೇಶಮುಖರ ರುಮಾಲು, ದೇಶಮುಖರ ಸಿಟ್ಟು, ದೇಶಮುಖರ ಅಡ್ಡಪಂಚೆಗೆ ಬೆಂಕಿ ಬಿದ್ದದ್ದು, ಒಂದೊಂದೇ ತೆಗೆದೆ. ನಡುನಡುವೆ ಕುದುರೆ ಕಥೆಯನ್ನೇ ಇನ್ನೊಮ್ಮೆ ಕೇಳುತ್ತಿದ್ದರು. ಹೇಳಿದ ಹಾಗೆ ಹೇಳುವುದು ನನಗೆ ಬೇಸರ, ಒಮ್ಮೆ ಕುದುರೆ ಕಣ್ಣೀರು ಹಾಕುತ್ತಿತ್ತು, ಒಮ್ಮೆ ಬರೀ ಕಿವಿ ಅಲುಗಿಸುತ್ತಿತ್ತು. ಅಭಿಮಾನಿಗಳು ತಮ್ಮತಮ್ಮಲ್ಲೇ ಮೇಲ್ ಬರೆದುಕೊಳ್ಳುವ ಒಂದು ಪಟ್ಟಿಗೆ ನನ್ನನ್ನೂ ಸೇರಿಸಿದರು. ಅದರಲ್ಲಿ ಗಿಟಾರಿನವರ ಹೆಸರನ್ನು ಯಾರೂ ಪೂರ್ತಿ ಬರೆಯುತ್ತಿರಲಿಲ್ಲ, ಬರೀ ‘ಡಿ ಅಂಕಲ್’. ದೇಶಮುಖರನ್ನು ಹಾಗೆ ಒಂದೇ ಅಕ್ಷರಕ್ಕೆ ಇಳಿಸಿದ್ದು ನನಗೆ ಸರಿಬರಲಿಲ್ಲ, ಆದರೆ ಹುಡುಗರ ಕಾಲ ಎಂದು ಸುಮ್ಮನಿದ್ದೆ. ಶನಿವಾರ ಕ್ಲಬ್ಬಿಗೆ ಬನ್ನಿ ಸರ್ ಎಂದರೆ ಮಾತ್ರ ಹೋಗಲಿಲ್ಲ. ಎದುರು ಬಂದು ಯಾರಪ್ಪಾ ನೀನು ಎಂದರೆ ಗೋಡೆಯ ವಿಷಯ ಹೊರಗೆ ಬೀಳುತ್ತದಲ್ಲ. ದೇಶಮುಖರು ತಾವಾಗಿ ಕರೆಯದೆ ನಾವು ಹೋಗುವ ಪದ್ಧತಿ ಇಲ್ಲ ಎಂದೆ. ಅದಕ್ಕೂ ತಲೆದೂಗಿದರು.

ಹೀಗೆ ಮೂರು ತಿಂಗಳು ಸುಖವಾಗಿ ಉಂಡವನಿಗೆ ಆಫೀಸಿನ ವಾರ್ಷಿಕೋತ್ಸವ ಬಂದು ತಗಲಿಕೊಂಡಿತು. ಶನಿವಾರ ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಶಾಮಿಯಾನ, ಮನೆಮಂದಿಗೆಲ್ಲ ಆಮಂತ್ರಣ, ಡಿ ಅಂಕಲ್ ಅವರ ಗಿಟಾರು. ಅವರನ್ನು ವೇದಿಕೆಯ ಮೇಲೆ ಪರಿಚಯಿಸಬೇಕಾದವನು ನಾನು. ಮನೆತನದ ಪರಿಚಯ ಇರುವವರು ನೀವೊಬ್ಬರೇ ಸರ್ ಎಂದು ಅನಿರುದ್ಧ ನನ್ನ ಹೆಸರು ಕೊಟ್ಟು ಬಂದಿದ್ದ. ಆ ವಾರವಿಡೀ ನನಗೆ ನಿಜವಾಗಿಯೂ ಹಲ್ಲುನೋವು. ಒಂದೇ ಗೋಡೆ ಎಂದದ್ದು, ಮೊಮ್ಮಗ ಎಂದದ್ದು ಎಲ್ಲ ನೂರಾರು ಜನರ ಮುಂದೆ ಬಯಲಾಗುತ್ತದೆ, ಸೋಮವಾರ ಮತ್ತೆ ನಾನು, ಡಬ್ಬಿ, ಬಂಡೆ. ಈ ಭಯ ಶಾರದಾಳಿಗೆ ಹೇಗೆ ಗೊತ್ತಾಗಬೇಕು? ಆಕೆ ತವರಿನವರೊಬ್ಬರು ಸಿಗುತ್ತಾರೆಂದು ಕುಣಿಯುತ್ತಿದ್ದಳು. ಸುಲ್ತಾನ್ ಬಜಾರಿಗೆ ಹೋಗಿ ಹೊಸ ಸೀರೆ ತಂದಳು. ದೇಶಮುಖರಿಗೆಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು. ಹೊರಡುವಾಗ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ಒಂದು ಮಾತು ಹೇಳಿದಳು.

“ಅವರ ಮುಂದ ಆ ಕುದುರಿ ಮಾತು ತಗೀಬ್ಯಾಡ್ರಿ.”

ಮನೆತನದ ನೋವು, ಕೆದಕಬಾರದು ಎನ್ನುವ ದೊಡ್ಡ ಮನಸ್ಸು ಎಂದುಕೊಂಡೆ. ನನ್ನ ಹೆಂಡತಿಯ ಬಗ್ಗೆ ನನಗೆ ಹೆಮ್ಮೆಯಾಯಿತು.

ವೇದಿಕೆ ಹತ್ತಿದೆ. ಮೈಕಿನ ಮುಂದೆ ನಿಂತು, ಬಸವಕಲ್ಯಾಣದ ಪ್ರಸಿದ್ಧ ದೇಶಮುಖ ಮನೆತನದ ಕುಡಿ, ಶ್ರೀಯುತ ದೇಶಮುಖ ಅವರು ಎಂದು ಒಂದೇ ಉಸಿರಿಗೆ ಹೇಳಿ ಪಕ್ಕಕ್ಕೆ ತಿರುಗಿದೆ. ಮೆಟ್ಟಿಲು ಹತ್ತಿ ಬರುತ್ತಿದ್ದವರು ಅರವತ್ತು ದಾಟಿದ ಎತ್ತರದ ಮನುಷ್ಯ. ತಲೆಗೆ ಬೂದು ಟೋಪಿ, ಕೊರಳಲ್ಲಿ ಸಣ್ಣ ಶಿಲುಬೆ, ಗಾಜಿನ ಹಾಗೆ ತಿಳಿ ಕಣ್ಣು. ಮುಂದಿನ ಸಾಲಿನಿಂದ ಶಾರದಾ ಕೈಯಾಡಿಸಿ ಅಲ್ಲ, ಅಲ್ಲ ಎನ್ನುತ್ತಿದ್ದಳು. ವೇದಿಕೆಯ ಹಿಂದೆ ಕಟ್ಟಿದ್ದ ದೊಡ್ಡ ಬಟ್ಟೆಯ ಮೇಲೆ ಹೆಸರೂ ಇತ್ತು. ಡೆಸ್ಮಂಡ್. ನಾನು ಅದಕ್ಕೆ ಬೆನ್ನು ಮಾಡಿ ನಿಂತು ಭಾಷಣ ಮಾಡಿದ್ದೆ. ಅವರು ಮೆಟ್ಟುಗುಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ರೈಲು ಎಂಜಿನ್ ಡ್ರೈವರನ ಮಗ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ತಿಳಿದದ್ದು ಇಷ್ಟೇ: ನನ್ನ ಕುರ್ಚಿ ಹೋಯಿತು.

ಅವರು ಮೈಕು ತೆಗೆದುಕೊಂಡರು. ಅಚ್ಚ ಹೈದರಾಬಾದಿ ಹಿಂದಿಯಲ್ಲಿ ನಿಧಾನವಾಗಿ, “ನಾಮ್ ಡೆಸ್ಮಂಡ್ ಹೈ ಸಾಬ್, ಮಗರ್ ದೇಶಮುಖ್ ಬೀ ಚಲ್ತಾ” ಎಂದರು, ದೇಶಮುಖ್ ಎಂದರೂ ನಡೆಯುತ್ತದೆ ಎಂದು. ಜನ ನಕ್ಕರು. ಅವರು ನಗಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ಆ ಚಂದ್ರಿ ಕೊನೆಗೂ ವಾಪಸ್ ಬಂದಳಾ ಎಂದು ಕೇಳಿದರು. ಚಂದ್ರಿಯ ಹೆಸರು ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುವಷ್ಟು ಬುದ್ಧಿ ಆಗ ನನ್ನಲ್ಲಿ ಉಳಿದಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಹಾಗಾದರೆ ಮೊದಲನೆಯದು ಅವಳಿಗೆ ಎಂದು ಹೇಳಿ ಸ್ಟೂಲಿನ ಮೇಲೆ ಕೂತು ಗಿಟಾರ್ ಎತ್ತಿಕೊಂಡರು.

ಸಂಗೀತದ ವಿಷಯ ನನಗೆ ಗೊತ್ತಿಲ್ಲ, ಗೊತ್ತಿದ್ದವನ ಹಾಗೆ ಮೂರು ತಿಂಗಳು ಮಾತಾಡಿದ್ದೇನೆ ಅಷ್ಟೆ. ಆದರೆ ಆ ಮನುಷ್ಯ ಒಂದು ತಂತಿಯನ್ನು ಬೆರಳಿನಿಂದ ಮೇಲಕ್ಕೆ ದಬ್ಬಿ ಹಿಡಿದಾಗ, ನಮ್ಮವ್ವ ಸಂಜೆ ಹೊತ್ತು ಬಾಗಿಲಲ್ಲಿ ನಿಂತು “ಗುರೂ” ಎಂದು ನನ್ನ ಹೆಸರಿನ ಕೊನೆ ಎಳೆದು ಊಟಕ್ಕೆ ಕರೆಯುತ್ತಿದ್ದದ್ದು ಥಟ್ಟನೆ ಕೇಳಿಸಿತು. ನನ್ನ ಕಣ್ಣು ತುಂಬಿತು. ಹುಡುಗರು ಲೈವ್, ಲೈವ್ ಎಂದು ಯಾಕೆ ಬಡಿದುಕೊಳ್ಳುತ್ತಿದ್ದರೆಂದು ಆಗ ಅರ್ಥವಾಯಿತು. ಶಾರದಾ ಕಡೆ ನೋಡಿದೆ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಭುಜ ಅಲುಗುತ್ತಿತ್ತು. ಪಾಪ, ತವರಿನ ನೆನಪು ಎಂದುಕೊಂಡೆ. ನುಡಿಸುವುದು ಮುಗಿದ ಮೇಲೆ ಆಕೆಯೇ ಹೋಗಿ, ನಮ್ಮ ದೇಶಮುಖ ಕಾಕಾಗ ತಂದಿದ್ದೆ, ನೀವೇ ತಿನ್ರಿ ಎಂದು ಹೋಳಿಗೆ ಡಬ್ಬಿ ಕೊಟ್ಟಳು. ಡೆಸ್ಮಂಡರು ನಿಂತಲ್ಲೇ ಎರಡು ತಿಂದರು. ಸುತ್ತ ನೆರೆದ ಹುಡುಗರಿಗೆ ಆಕೆ ದೇಶಮುಖರ ವಾಡೆಯ ವಿಷಯ ಎರಡು ನಿಮಿಷ ಹೇಳಿದಳು, ಅವರು ಬಾಯಿ ಬಿಟ್ಟು ಕೇಳಿದರು.

ನಾನು ಶಾಮಿಯಾನದ ಕಂಬದ ಹಿಂದೆ ನಿಂತಿದ್ದೆ. ರೇಷ್ಮಾ ಅಲ್ಲಿಗೇ ಬಂದಳು. ಹೆಸರು ತಪ್ಪಾಗಿ ಕೇಳಿಸಿಕೊಂಡೆನಮ್ಮಾ ಎಂದು ಶುರು ಮಾಡಿದೆ. ನಮಗೆ ಮೊದಲ ದಿನವೇ ಗೊತ್ತಿತ್ತು ಎಂದಳು. ಕುದುರೆ ಕಥೆಯನ್ನು ಡೆಸ್ಮಂಡರಿಗೂ ಇವರೇ ಹೇಳಿದ್ದರಂತೆ, ವಾರ ವಾರ ಅವರೂ ಮುಂದೇನಾಯಿತು ಎಂದು ಕೇಳುತ್ತಿದ್ದರಂತೆ. ಗೊತ್ತಿದ್ದ ಮೇಲೆ ಯಾಕೆ ಹೇಳಲಿಲ್ಲ ಎಂದೆ. ಅವಳು ನೆಲ ನೋಡುತ್ತ ಉತ್ತರ ಕೊಟ್ಟಳು.

“ಹೇಳಿದ್ರೆ ನೀವು ಮಾರನೇ ದಿನ ನಮ್ಮ ಟೇಬಲ್ಲಿಗೆ ಬರ್ತಿರ್ಲಿಲ್ಲ ಅಲ್ವಾ, ಕಾಕಾ.”

ಸರ್ ಎನ್ನಲಿಲ್ಲ. ನಮ್ಮ ಕಡೆ ಚಿಕ್ಕಪ್ಪನನ್ನು ಕರೆಯುವ ಹಾಗೆ ಕಾಕಾ ಎಂದಳು. ಮಂಗಳೂರಿನ ಹುಡುಗಿಗೆ ಆ ಮಾತು ನನ್ನ ಕಥೆಗಳಲ್ಲದೆ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ. ಆ ಮಕ್ಕಳ ಋಣವನ್ನು ನಾನು ಹೇಗೆ ತೀರಿಸಲಿ ಎಂದು ಆ ಕಂಬ ಹಿಡಿದುಕೊಂಡೇ ಯೋಚಿಸಿದೆ, ಇವತ್ತಿಗೂ ಹೊಳೆದಿಲ್ಲ.

ಸೋಮವಾರ ನನಗೊಂದು ಮೇಲ್ ಬಂತು. ನನಗೆ ಗೊತ್ತಿಲ್ಲದ ಹಾಗೆ ಇನ್ನೊಂದು ಪಟ್ಟಿಯೂ ನಡೆಯುತ್ತಿತ್ತಂತೆ, ಹುಡುಗರು ಅದನ್ನು ಪೂರ್ತಿ ಕಳಿಸಿದ್ದರು. ಡಿ ಅಂಕಲ್ ಬಗ್ಗೆ ಅಲ್ಲ, ನನ್ನ ಬಗ್ಗೆ. ಬುಧವಾರದ ಕುದುರೆ ಶುಕ್ರವಾರದ್ದಕ್ಕಿಂತ ಚೆನ್ನಾಗಿತ್ತು, ಕಣ್ಣೀರು ಸ್ವಲ್ಪ ಜಾಸ್ತಿ ಎಂದು ಅನಿರುದ್ಧ. ಪಂಚೆಗೆ ಬೆಂಕಿ ಬಿದ್ದ ಕಥೆಯಲ್ಲಿ ನಡುವೆ ಎಳೆದಾಡಿದರು ಎಂದು ಇನ್ನೊಬ್ಬ. ಬರೆಯಲು ಹೇಳಬೇಡಿ, ಇವರನ್ನು ಲೈವ್‌ನಲ್ಲೇ ಕೇಳಬೇಕು ಎಂದು ಮತ್ತೊಬ್ಬ. ಕೊನೆಗೆ, ಇವರಿಗೆ ಯಾರ ಇನ್‌ಫ್ಲುಯೆನ್ಸ್ ಎಂಬ ಪ್ರಶ್ನೆಗೆ ರೇಷ್ಮಾ ಬರೆದ ಒಂದು ಸಾಲು: ಶಾರದಾ ಆಂಟಿ, ಶನಿವಾರ ಎರಡೇ ನಿಮಿಷ ಕೇಳಿದ್ದಕ್ಕೆ ಗೊತ್ತಾಯಿತು, ಕಾಕಾ ಬರೀ ಕಾಪಿ.

ಅದರ ಪ್ರಿಂಟ್ ತೆಗೆದುಕೊಂಡು ಮನೆಗೆ ಬಂದೆ. ಊಟಕ್ಕೆ ಕೂತಾಗ ಶಾರದಾಳಿಗೆ ಓದಿ ಹೇಳಿದೆ. ಕೊನೆಯ ಸಾಲು ಮಾತ್ರ ಬಿಟ್ಟೆ. ಆಕೆ ಪಲ್ಯ ಬಡಿಸುತ್ತಿದ್ದವಳು ಬಗ್ಗಿ ಕಾಗದವನ್ನೇ ನೋಡಿದಳು, ಬಿಟ್ಟ ಸಾಲನ್ನು ತಾನೇ ಓದಿಕೊಂಡಳು, ಎದುರಿಗೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಭುಜ ಅಲುಗತೊಡಗಿತು, ಶನಿವಾರದ ಹಾಗೆಯೇ. ಈ ಸಲ ಹತ್ತಿರದಿಂದ ನೋಡಿದೆ. ಅಳು ಅಲ್ಲ, ನಗು.

“ಚಂದ್ರಿ ಕುದುರಿ ಅಲ್ರೀ, ಎಮ್ಮಿ” ಎಂದಳು. “ಕುದುರಿಗೆ ಯಾರರ ಚಂದ್ರಿ ಅಂತ ಹೆಸರು ಇಡ್ತಾರೇನ್ರೀ? ಆ ಹಳ್ಳಕ್ಕ ಅದು ಹಾಡು ಕೇಳ್ಲಿಕ್ಕ ಬರ್ತಿದ್ದಿಲ್ಲ, ನೀರಾಗ ಬೀಳ್ಲಿಕ್ಕ ಬರ್ತಿತ್ತು.”

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ಯಾಕೆ ಕುದುರೆ ಎಂದೆ ಎಂದು ಕೇಳಿದೆ.

“ಲಗ್ನ ಆಗಿ ಹೊಸದಾಗಿ ಬಂದಿದ್ದೆ. ಅಡಗಿಮನ್ಯಾಗ ನಿಮ್ಮವ್ವ, ನಿಮ್ಮ ಅಣ್ಣಗೋಳ ಹೆಂಡ್ರು ಕೂಡಿ ಉಣ್ಣೋ ಮುಂದ ತಮ್ಮ ತಮ್ಮ ಮಾತೇ ಮಾತು, ನನ್ನ ಕಡೆ ಒಬ್ರೂ ಹೊಳ್ಳಿ ನೋಡ್ತಿದ್ದಿಲ್ಲ. ಎಮ್ಮಿ ಕಥಿ ಹೇಳಿದ್ರ ಯಾರು ಕೇಳ್ತಾರ? ಕುದುರಿ ಅಂದೆ. ದೊಡ್ಡ ವೈನಿ ತಮ್ಮ ತಾಟ ಹಿಡ್ಕೊಂಡು ನನ್ನ ಬಾಜೂಕ ಬಂದು ಕೂತ್ರು.”

ಆಕೆ ನಗುತ್ತಲೇ ಹೇಳಿದಳು. ಪಡಸಾಲೆಯಲ್ಲಿ ಗದ್ದಲದ ನಡುವೆ ಹೊಟ್ಟೆ ತುಂಬ ಉಂಡು ಕೈತೊಳೆದವನಿಗೆ ಗೋಡೆಯಾಚೆ ಇನ್ನೊಬ್ಬರ ಗಂಟಲಲ್ಲಿ ತುತ್ತು ನಿಂತದ್ದು ಗೊತ್ತೇ ಆಗಿರಲಿಲ್ಲ. ಅವಳ ತಾಟಿಗೆ ಒಂದು ರೊಟ್ಟಿ ಹಾಕಿದೆ. ಮದುವೆಯಾದಾಗಿನಿಂದ ನಾನು ಆಕೆಗೆ ಬಡಿಸಿದ ಮೊದಲ ರೊಟ್ಟಿ ಅದು ಎಂದು ಆಕೆಯೇ ಹೇಳಿದಳು. ಇರಬಹುದು.

ಮರುದಿನ ಒಂದು ಗಂಟೆಗೆ ಮೇಜಿಗೆ ಹೋದೆ. ಕಾಕಾ, ಕುದುರೆ ಇನ್ನೊಮ್ಮೆ ಎಂದರು. ಒಬ್ಬ ಸಂಗೀತಗಾರ ನೂರಾರು ಜನರ ಮುಂದೆ ಒಂದು ಎಮ್ಮೆಗಾಗಿ ಮನಸ್ಸು ಬಿಚ್ಚಿ ನುಡಿಸಿದ ಎಂದು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಕುದುರೆ ಎಂದೇ ಹೇಳಿದೆ. ಈ ಸಲದ ಕುದುರೆ ಮಾತ್ರ ಹಳ್ಳಕ್ಕಿಳಿದು ಮೂಗಿನವರೆಗೆ ಮುಳುಗಿ, ಮೆಲುಕು ಹಾಕುತ್ತ ಕೇಳಿತು. ರೇಷ್ಮಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದು ಸಲ ನನ್ನ ಮುಖ ನೋಡಿದಳು, ಆಮೇಲೆ ಚಟ್ನಿ ಈ ಕಡೆ ಕೊಡಿ ಎಂದಳು. ಉಳಿದವರು ಎಂದಿನ ಹಾಗೆ ತಲೆದೂಗಿದರು. ಸಂಜೆ ಡಬ್ಬಿ ಖಾಲಿ ಇತ್ತು.